ಸಾಲಿನಲ್ಲಿ ನಿಂತವರ ಸ್ವಾತಂತ್ರ್ಯ

1965ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ರಸಾಯನವಿಜ್ಞಾನಿ ಒಂದು ಪಾಲಿಮರ್ ದ್ರಾವಣ ತಯಾರಿಸಿದರು. ಇಂಥ ದ್ರಾವಣಗಳು ಸಾಮಾನ್ಯವಾಗಿ ಸಕ್ಕರೆ ಪಾಕದಂತೆ ಮಂದವಾಗಿ, ತಿಳಿಯಾಗಿ ಇರುತ್ತವೆ. ಇದು ತೆಳ್ಳಗಿತ್ತು, ಮಬ್ಬಾಗಿತ್ತು. ಎಳೆ ತೆಗೆಯುವ ಯಂತ್ರ ನೋಡಿಕೊಳ್ಳುತ್ತಿದ್ದವರು, ಇದರಲ್ಲಿ ಕಣಗಳಿವೆ, ಯಂತ್ರದ ಸಣ್ಣ ತೂತುಗಳು ಕಟ್ಟಿಕೊಳ್ಳುತ್ತವೆ ಎಂದು ಮೊದಲು ಒಪ್ಪಲಿಲ್ಲ. ಕ್ವೊಲೆಕ್ ಪಟ್ಟು ಬಿಡಲಿಲ್ಲ. ಕೊನೆಗೆ ಹೊರಬಂದ ಎಳೆ ಅಸಾಧಾರಣ ಗಟ್ಟಿಯಾಗಿತ್ತು. ಗುಂಡುನಿರೋಧಕ ಕವಚಗಳ ಕೆವ್ಲಾರ್ ಹುಟ್ಟಿದ್ದು ಅಲ್ಲಿಂದ.

ಆ ಮಬ್ಬಿಗೆ ಕಾರಣ ಅಣುಗಳ ಜೋಡಣೆ. ಈ ಪಾಲಿಮರಿನ ಅಣುಗಳು ಊದುಬತ್ತಿಯ ಕಡ್ಡಿಗಳಂತೆ ನೆಟ್ಟಗಿರುತ್ತವೆ, ಸುಲಭಕ್ಕೆ ಬಾಗುವುದಿಲ್ಲ. ಅವು ಹೆಚ್ಚಿದಂತೆ ಒಂದಕ್ಕೊಂದು ಅಡ್ಡ ಬಂದು ದ್ರವ ಮಂದವಾಗುತ್ತ ಹೋಗುತ್ತದೆ. ಒಂದು ಮಿತಿ ದಾಟಿದಾಗ ಮಾತ್ರ ಲೆಕ್ಕ ತಿರುಗಿಬೀಳುತ್ತದೆ: ಅಣುಗಳು ಪಕ್ಕಪಕ್ಕದಲ್ಲಿ ಸಾಲಾಗುತ್ತವೆ, ಇನ್ನಷ್ಟು ಬೆರೆಸಿದಾಗ ದ್ರವ ಮೊದಲಿಗಿಂತ ಸರಾಗವಾಗಿ ಹರಿಯುತ್ತದೆ. ಇದು ದ್ರವ ಸ್ಫಟಿಕ ಸ್ಥಿತಿ.

ಅವುಗಳನ್ನು ಸಾಲಿಗೆ ನಿಲ್ಲಿಸಿದವರು ಯಾರು? 1949ರಲ್ಲಿ ಲಾರ್ಸ್ ಆನ್ಸಾಗರ್ ಕೊಟ್ಟ ವಿವರಣೆಯ ಪ್ರಕಾರ, ಯಾರೂ ಅಲ್ಲ. ಕಡ್ಡಿಗಳ ನಡುವೆ ಆಕರ್ಷಣೆಯೂ ಬೇಕಿಲ್ಲ. ಇಕ್ಕಟ್ಟಿನಲ್ಲಿ ಬೇಕಾದತ್ತ ತಿರುಗುವ ಸ್ವಾತಂತ್ರ್ಯ ಬಿಟ್ಟುಕೊಟ್ಟರೆ, ಓಡಾಡುವ ಸ್ವಾತಂತ್ರ್ಯ ಅದಕ್ಕಿಂತ ಹೆಚ್ಚು ಸಿಗುತ್ತದೆ.

ಶಿಸ್ತನ್ನು ಹೊಗಳುವವರಿಗೆ ಇದು ಒಳ್ಳೆಯ ದೃಷ್ಟಾಂತ. ಆದರೆ ಕತೆ ಇಲ್ಲಿಗೆ ಮುಗಿಯುವುದಿಲ್ಲ. ಸುಮ್ಮನಿರುವ ದ್ರವದಲ್ಲಿ ಒಂದೊಂದು ಗುಂಪಿಗೆ ಒಂದೊಂದು ದಿಕ್ಕು. ತೂತಿನ ಮೂಲಕ ಎಳೆದಾಗ ಹರಿವು ಎಲ್ಲವನ್ನೂ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಎಳೆ ಗಟ್ಟಿಯಾದ ಮೇಲೆ ಅದೇ ದಿಕ್ಕು ಖಾಯಂ. ಎಳೆದರೆ ಜಗ್ಗದ ಆ ನಾರು ಉದ್ದಕ್ಕೆ ಒತ್ತಿದರೆ ಅಷ್ಟು ತಾಳದೆ ಮುದುರಿಕೊಳ್ಳುತ್ತದೆ. ಒಂದೇ ದಿಕ್ಕಿನ ಬಲಕ್ಕೆ ತೆತ್ತ ಬೆಲೆ ಅದು.

ಅಣುಗಳಿಗೆ ಇಚ್ಛೆಯಿಲ್ಲ. ಆದ್ದರಿಂದ ಅವು ನಮಗೆ ನೀತಿ ಹೇಳಲಾರವು, ಪ್ರಶ್ನೆಯನ್ನು ಸ್ಪಷ್ಟಪಡಿಸಬಲ್ಲವು. ನೂಕುನುಗ್ಗಲು ತಪ್ಪಿಸಲು ಬಸ್ಸಿಗೆ ಕಾಯುವವರು ತಾವೇ ಕಟ್ಟಿಕೊಂಡ ಸಾಲೂ ಸಾಲೇ, ಯಾರೋ ಬೆತ್ತ ಹಿಡಿದು ನಿಲ್ಲಿಸಿದ ಸಾಲೂ ಸಾಲೇ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತಿಳಿಯಲು ಎರಡು ವಿಷಯ ಕೇಳಬೇಕು: ಈ ಶಿಸ್ತಿನಿಂದ ಓಡಾಡಲು ಜಾಗ ಸಿಕ್ಕಿದ್ದು ಯಾರಿಗೆ? ಮತ್ತು, ಬೇಡವೆನಿಸಿದ ದಿನ ಇದರಿಂದ ಹೊರಬರಲು ಆಗುತ್ತದೆಯೇ?