ನೋಡುವುದೂ ಇಣಿಕುವುದೂ

ಪರರ ಕಾಗದವನ್ನು ಒಡೆದು ಓದಬಾರದೆಂಬುದು ಎಲ್ಲರೂ ಒಪ್ಪಿದ ನೀತಿ. ಆದರೆ ಕಾಗದವನ್ನು ಒಡೆಯದೆ, ಅದರ ಮೇಲಿನ ವಿಳಾಸವನ್ನೂ ಅದು ಹೊರಟ ಹೊತ್ತನ್ನೂ ಮಾತ್ರ ಗುರುತು ಹಾಕಿಕೊಳ್ಳುವವನು ನೀತಿಯನ್ನು ಮೀರಿದನೆ, ಇಲ್ಲವೆ? ಹಿಂದೆ ಅಂಚೆಯ ನೌಕರನಿಗೆ ಮಾತ್ರ ಒದಗುತ್ತಿದ್ದ ಈ ಪ್ರಶ್ನೆ ಇಂದು ಇ-ಮೇಲ್ ಸರ್ವರನ್ನು ನೋಡಿಕೊಳ್ಳುವ ಪ್ರತಿಯೊಬ್ಬನೆದುರಿಗೂ ನಿಂತಿದೆ.

ಸರ್ವರ್ ಎಂಬುದು ಪತ್ರಗಳನ್ನು ಸ್ವೀಕರಿಸಿ ಮುಂದಿನ ಠಾಣೆಗೆ ದಾಟಿಸುವ ಯಂತ್ರ. 1982ರಲ್ಲಿ ಜೋನಾಥನ್ ಪೋಸ್ಟೆಲ್ ಬರೆದಿಟ್ಟ ನಿಯಮಾವಳಿಯೇ, ಅನಂತರದ ತಿದ್ದುಪಡಿಗಳೊಡನೆ, ಇಂದಿಗೂ ಅದಕ್ಕೆ ಆಧಾರವಾಗಿದೆ. ಅದರಂತೆ ಸರ್ವರು '250' ಎಂಬ ಅಂಕೆಯನ್ನು ನುಡಿದು ಪತ್ರವನ್ನು ಒಪ್ಪಿಕೊಂಡಿತೆಂದರೆ, ಅದನ್ನು ಮುಟ್ಟಿಸುವ, ಇಲ್ಲವೆ ಮುಟ್ಟಲಿಲ್ಲವೆಂದು ಕಳುಹಿಸಿದವನಿಗೆ ತಿಳಿಸುವ ಹೊಣೆ ಅದರ ಮೇಲೆ ಬಿತ್ತು. ಹೊಣೆಯಿದ್ದಲ್ಲಿ ಲೆಕ್ಕವಿರಬೇಕು, ಆ ಲೆಕ್ಕವೇ ಲಾಗ್. 1998ರಲ್ಲಿ ವೀಟ್ಸೆ ವೆನೆಮಾ ಹೊರತಂದ ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶವು ಪ್ರತಿ ಪತ್ರಕ್ಕೂ ಒಂದು ಗುರುತನ್ನು ಕೊಟ್ಟು, ಯಾರಿಂದ ಯಾರಿಗೆ, ಯಾವ ಯಂತ್ರದ ಮೂಲಕ, ಎಷ್ಟು ಸೆಕೆಂಡುಗಳಲ್ಲಿ ಹೋಯಿತು, ತಲುಪಿತೋ ತಡೆಯಿತೋ ಹಿಂದಿರುಗಿತೋ ಎಂದು ಸಾಲುಸಾಲಾಗಿ ಬರೆಯುತ್ತದೆ. ಪತ್ರದ ಒಡಲಿನ ಮಾತು ಅಲ್ಲಿ ಇರುವುದಿಲ್ಲ.

ಈ ಲೆಕ್ಕವನ್ನು ನೋಡುವುದು ಒಮ್ಮೊಮ್ಮೆ ಕರ್ತವ್ಯವೇ ಆಗುತ್ತದೆ. ಬಡ ತರುಣನೊಬ್ಬನು ಕೆಲಸದ ಅರ್ಜಿಯನ್ನು ಕಡೆಯ ದಿನ ಕಳುಹಿಸಿದನೆಂದಿಟ್ಟುಕೊಳ್ಳಬಹುದು. ಕಚೇರಿಯವರು ಬರಲಿಲ್ಲವೆನ್ನುತ್ತಾರೆ, ಅವನು ಕಳುಹಿಸಿದೆನೆನ್ನುತ್ತಾನೆ. ಲಾಗನ್ನು ನೋಡಿದರೆ, ಎದುರಿನ ಯಂತ್ರವು ಪತ್ರವನ್ನು ಒಪ್ಪಿಕೊಂಡ ಗಳಿಗೆ ಅಲ್ಲಿಯೇ ಇದೆ. ಕಚೇರಿಯವರು ಅದನ್ನು ಓದಿದರೆಂದು ಇದರಿಂದ ಸಿದ್ಧವಾಗದು. ಆದರೆ ತರುಣನು ಸುಳ್ಳಾಡಲಿಲ್ಲವೆಂಬುದು ಸಿದ್ಧವಾಯಿತು. ಇಂಥಲ್ಲಿ ನೋಡದಿರುವುದೇ ಅಧರ್ಮ.

ಅದೇ ಸಂಜೆ ಮೇಲಧಿಕಾರಿಯು ಬಂದು, "ಹೇಗೂ ಅದನ್ನು ತೆರೆದಿದ್ದೀರಿ, ನಮ್ಮ ಗುಮಾಸ್ತೆ ಯಾರುಯಾರಿಗೆ ಬರೆಯುತ್ತಿದ್ದಾರೆಂದು ಸ್ವಲ್ಪ ನೋಡಿ ಹೇಳಿರಿ. ಪತ್ರವನ್ನು ಓದಬೇಕಾಗಿಲ್ಲ" ಎಂದರೆ? ಲಕೋಟೆಯನ್ನು ಒಡೆಯಲಿಲ್ಲವಷ್ಟೆ, ದೋಷವೇನು ಎಂಬುದು ಪೂರ್ವಪಕ್ಷ.

ಇದಕ್ಕೆ ಉತ್ತರವನ್ನು ತರ್ಕಶಾಸ್ತ್ರವೇ ಕೊಡುತ್ತದೆ. ಬೆಟ್ಟದ ಮೇಲಿನ ಹೊಗೆಯನ್ನು ಕಂಡವನು ಬೆಂಕಿಯನ್ನು ಕಾಣದೆಯೇ ಅರಿಯುತ್ತಾನೆ. ಒಬ್ಬಾಕೆಯಿಂದ ಸೋಮವಾರ ಅರ್ಬುದರೋಗದ ಆಸ್ಪತ್ರೆಗೆ, ಮಂಗಳವಾರ ವಕೀಲರಿಗೆ, ಬುಧವಾರ ವಿಮಾಕಚೇರಿಗೆ ಪತ್ರ ಹೋಯಿತೆಂದು ತಿಳಿದವನಿಗೆ ಒಳಗಿನ ಮಾತಿನ ಅವಶ್ಯಕತೆಯೇನು? ನ್ಯಾಯಾಲಯಗಳೂ ಈ ಸತ್ಯಕ್ಕೆ ಮೆಲ್ಲಮೆಲ್ಲನೆ ಬಂದಿವೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1878ರಲ್ಲಿ ಮುಚ್ಚಿದ ಪತ್ರದ ಒಡಲಿಗೆ ರಕ್ಷಣೆಯಿತ್ತು, ಹೊರಮೈಯನ್ನು ಬಿಟ್ಟಿತು. 1979ರಲ್ಲಿ ಟೆಲಿಫೋನಿನಲ್ಲಿ ಕರೆದ ಸಂಖ್ಯೆಗಳಿಗೂ ರಕ್ಷಣೆಯಿಲ್ಲವೆಂದಿತು. ಆದರೆ 2014ರಲ್ಲಿ ಯೂರೋಪಿನ ಒಕ್ಕೂಟದ ನ್ಯಾಯಾಲಯವು, ಇಂಥ ದಾಖಲೆಗಳನ್ನು ಒಟ್ಟುಗೂಡಿಸಿದರೆ ಮನುಷ್ಯನ ಖಾಸಗಿ ಬಾಳೆಲ್ಲ ಬಯಲಾಗುವುದೆಂದು ಕಂಡು, ಅವನ್ನು ಕಡ್ಡಾಯವಾಗಿ ಕೂಡಿಡಿಸುತ್ತಿದ್ದ 2006ರ ವಿಧಿಯನ್ನೇ ರದ್ದುಗೊಳಿಸಿತು. ಭಾರತದಲ್ಲಿ, ಕರ್ಣಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಒಂಬತ್ತು ನ್ಯಾಯಾಧೀಶರ ಪೀಠವು 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಇತ್ತ ಲಾಗುಗಳನ್ನು 180 ದಿನ ಕಾಪಾಡಿಡಬೇಕೆಂದು 2022ರಲ್ಲಿ ಸರ್ಕಾರದ ನಿರ್ದೇಶವೂ ಆಯಿತು. ಇಡಲೇಬೇಕಾದ ವಸ್ತುವನ್ನು ಕಾಯುವವನಿಗೆ ಸಂಯಮವು ಇಮ್ಮಡಿಯಾಗಿ ಬೇಕು.

ಮತ್ತೊಂದು ಅಪಾಯವುಂಟು. ದೂರದ ಮಂಜನ್ನು ಹೊಗೆಯೆಂದು ಭ್ರಮಿಸುವವರೂ ಇದ್ದಾರೆ. ಗುಮಾಸ್ತೆಯು ಪ್ರತಿಸ್ಪರ್ಧಿಯ ಸಂಸ್ಥೆಗೆ ಬರೆದದ್ದು ಅಲ್ಲಿರುವ ತನ್ನ ಭಾವಮೈದುನನಿಗೆ ಮದುವೆಯ ಕರೆಯೋಲೆಯಾಗಿರಬಹುದು. ಲಾಗು ಇದನ್ನು ಹೇಳದು. ಅರ್ಧ ತಿಳಿದ ಮೇಲಧಿಕಾರಿಯು ಉಳಿದರ್ಧವನ್ನು ಸಂಶಯದಿಂದ ತುಂಬಿಕೊಳ್ಳುವನು. ಆಪಾದಿತನಿಗೆ ತನ್ನ ಮೇಲೆ ಆಪಾದನೆಯಿದೆಯೆಂಬುದೇ ಗೊತ್ತಿರದು.

ಹಾಗಾದರೆ ಗೆರೆಯನ್ನೆಳೆಯುವುದು ಎಲ್ಲಿ? ಯಾವ ಶಾಸ್ತ್ರವನ್ನು ಹಿಡಿಯುವ ಮುನ್ನವೂ ಪ್ರಾಚೀನರು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ವಿಚಾರಿಸುತ್ತಿದ್ದರು. ಲಾಗನ್ನು ತೆರೆಯುವವನಿಗೂ ಇವು ನಾಲ್ಕೇ ಸಾಕು. ವಿಷಯವು ಪತ್ರವಾಗಿರಲಿ, ವ್ಯಕ್ತಿಯಾಗದಿರಲಿ. ಪ್ರಯೋಜನವು ಪತ್ರವನ್ನು ಮುಟ್ಟಿಸುವುದಾಗಿರಲಿ. ನೋಡುವ ಸಾಲಿಗೂ ಬಂದ ದೂರಿಗೂ ಸಂಬಂಧವಿರಲಿ. ಅಧಿಕಾರಿಯೆಂದರೆ ಬೀಗದ ಕೈ ಉಳ್ಳವನಲ್ಲ. ಆ ಪ್ರಯೋಜನಕ್ಕಾಗಿ ನಿಯುಕ್ತನಾದವನು. ಕದ್ದ ಗುಪ್ತಪದದಿಂದ ಒಬ್ಬರ ಹೆಸರಿನಲ್ಲಿ ಸಾವಿರಾರು ಪತ್ರಗಳು ಹರಿಯತೊಡಗಿದರೆ ದೂರಿಗೆ ಕಾಯದೆಯೂ ನೋಡಬೇಕು, ಸರಿ. ಅದು ಪತ್ರಮಾರ್ಗದ ರಕ್ಷಣೆಯೇ. ಅಪರಾಧದ ಬಲವಾದ ಶಂಕೆಯಿದ್ದರೆ ಲಿಖಿತವಾದ ಆಜ್ಞೆಯಿರಲಿ. ಬಾಯಿಮಾತಿಗೆ ಲಾಗು ತೆರೆಯಬಾರದು.

ಕೆಲಸದ ಶ್ರಮವಂತೂ ಎರಡಕ್ಕೂ ಒಂದೇ. ಗ್ರೆಪ್ ಎಂಬ ಆಜ್ಞೆಗೆ ಪತ್ರದ ಗುರುತನ್ನು ಕೊಟ್ಟರೆ ಆ ಪತ್ರದ ನಾಲ್ಕಾರು ಸಾಲುಗಳು ಬರುತ್ತವೆ. ಮನುಷ್ಯನ ವಿಳಾಸವನ್ನು ಕೊಟ್ಟರೆ ಅವನ ಎಷ್ಟೋ ದಿನಗಳ ಪತ್ರವ್ಯವಹಾರವೆಲ್ಲ ಬಂದು ಬೀಳುತ್ತದೆ. ಯಂತ್ರವು ಎರಡಕ್ಕೂ ಅಡ್ಡಿ ಹೇಳದು. ಒಂದು ನೋಡುವುದು, ಇನ್ನೊಂದು ಇಣಿಕುವುದು. ಭೇದವಿರುವುದು ಬೆರಳಿನಲ್ಲಲ್ಲ, ಬೆರಳನ್ನು ನಡೆಸುವ ಬುದ್ಧಿಯಲ್ಲಿ.

ಆದುದರಿಂದ ಲಾಗನ್ನು ನೋಡಿದವನು, ತಾನು ಇಂಥ ದಿನ ಇಂಥ ಕಾರಣಕ್ಕೆ ನೋಡಿದೆನೆಂದು ಒಂದು ಸಾಲನ್ನು ತಾನೂ ಬರೆದಿಡುವುದು ಲೇಸು. ಎಲ್ಲರ ಲೆಕ್ಕವನ್ನು ಬಲ್ಲವನ ಲೆಕ್ಕವೂ ಎಲ್ಲಿಯಾದರೂ ಇರಬೇಕು. ಆ ಸಾಲನ್ನು ಬರೆಯಲು ಕೈ ಹಿಂಜರಿದರೆ, ನೋಡಬಾರದ್ದನ್ನು ನೋಡಹೊರಟಿರುವೆನೆಂದು ಅವನು ಅಲ್ಲಿಯೇ ತಿಳಿಯಬಹುದು.