ಹಸಿದವರ ಒಪ್ಪಿಗೆ

ಸೇಡಂ ತಾಲೂಕಿನ ಕೋಡ್ಲಾ ಸುತ್ತಿನ ಹಳ್ಳಿಯೊಂದರಲ್ಲಿ ರೇಷನ್ ಹಂಚುವ ದಿನ ನಾವು ನ್ಯಾಯಬೆಲೆ ಅಂಗಡಿಯ ಮುಂದೆ ನಿಂತಿದ್ದೆವು. ಸಾಲಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದರು. ಸರದಿ ಬಂದಾಗ ಚೀಲವನ್ನು ಕಂಕುಳಲ್ಲಿಟ್ಟುಕೊಂಡು ಯಂತ್ರದ ಮೇಲೆ ಬಲಗೈ ಹೆಬ್ಬೆಟ್ಟು ಇಟ್ಟರು. ಬರಲಿಲ್ಲ. ಎಡಗೈಯದನ್ನು ಇಟ್ಟರು. ಅದೂ ಬರಲಿಲ್ಲ. ಬೆರಳುಗಳನ್ನು ಸೆರಗಿಗೆ ಒರೆಸಿ ಒಂದೊಂದಾಗಿ ಇಟ್ಟು ನೋಡಿದರು.

“ಆಯಿ, ಇನ್ನೊಂದ್ ಸಲ ಒತ್ತಿ ಇಡು” ಎಂದ ಅಂಗಡಿಯವನು.

“ಎಷ್ಟ ಸಲ ಇಡಲೋ ಯಪ್ಪಾ? ನಾ ಯಾರು ಅಂತ ನಿನಗ ಗೊತ್ತಿಲ್ಲೇನು?”

“ನನಗ ಗೊತ್ತದ ಆಯಿ. ಮಿಷಿನಿಗಿ ಗೊತ್ತಾಗವಲ್ದು.”

ಸಾಲಿನಲ್ಲಿದ್ದವರು ನಕ್ಕರು, ಅಜ್ಜಿಯೂ ನಕ್ಕರು. ನಾವೂ ನಕ್ಕೆವು. ಆದರೆ ಮನೆಗೆ ಬಂದ ಮೇಲೆ ಆ ಮಾತು ನಮ್ಮನ್ನು ಬಿಡಲಿಲ್ಲ. ಇಡೀ ಊರಿಗೆ ಗೊತ್ತಿರುವ ಒಬ್ಬ ಹೆಂಗಸು ತಾನು ತಾನೇ ಎಂದು ಯಾರಿಗೆ, ಏತಕ್ಕೆ ರುಜುವಾತು ಮಾಡಬೇಕು?

ಈ ಸೀಮೆಯ ನೆಲದಡಿ ಇರುವುದು ಸುಣ್ಣದ ಕಲ್ಲು. ಶಹಾಬಾದಿನ ಫರ್ಸಿ ಕಲ್ಲು ನಾಡಿನ ಅದೆಷ್ಟೋ ಮನೆಗಳ ನೆಲವಾಗಿದೆ. ವಾಡಿ, ಸೇಡಂ, ಮಳಖೇಡ, ಕೋಡ್ಲಾಗಳ ಸುತ್ತ ಸಿಮೆಂಟ್ ಕಾರ್ಖಾನೆಗಳು ನಿಂತಿವೆ. ಗಣಿಯಲ್ಲಿ ಕಲ್ಲು ಎತ್ತಿದ, ಸಿಮೆಂಟು ಕಲಸಿದ, ಹೊಲದಲ್ಲಿ ತೊಗರಿ ಕೊಯ್ದ ಕೈಗಳ ಗೆರೆ ಸವೆಯುವುದು ಸಹಜ. ದುಡಿದಷ್ಟೂ ಗುರುತು ಅಳಿಯುತ್ತದೆ. ಕುರ್ಚಿಯಲ್ಲಿ ಕುಳಿತು ಉಂಡವರ ಬೆರಳು ಯಂತ್ರಕ್ಕೆ ಬೇಗ ಸಿಗುತ್ತದೆ, ದುಡಿದು ಉಂಡವರ ಬೆರಳು ಸಿಗುವುದಿಲ್ಲ. ಇದು ಯಂತ್ರದ ದೋಷ, ನಾಳೆ ಇನ್ನೂ ಒಳ್ಳೆಯ ಯಂತ್ರ ಬಂದೀತು ಎನ್ನಬಹುದು. ಬರಲಿ. ನಮ್ಮ ಪ್ರಶ್ನೆ ಯಂತ್ರ ಎಷ್ಟು ಒಳ್ಳೆಯದು ಎಂಬುದಲ್ಲ. ಅಜ್ಜಿಯ ಬೆರಳು ಮೊದಲ ಸಲಕ್ಕೇ ಬಂದಿದ್ದರೂ ಒಂದು ಪ್ರಶ್ನೆ ಉಳಿಯುತ್ತಿತ್ತು: ಆ ಬೆರಳನ್ನು ಅವರು ಒಪ್ಪಿ ಕೊಟ್ಟರೇ, ಅಥವಾ ಕೊಡದೆ ಬೇರೆ ದಾರಿಯಿಲ್ಲದೆ ಕೊಟ್ಟರೇ?

ಸರಕಾರದ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ಸುಳ್ಳು ಕಾರ್ಡುಗಳು ಇದ್ದವು. ಸತ್ತವರ ಹೆಸರಿನಲ್ಲಿ ಅಕ್ಕಿ ಎತ್ತಿದವರಿದ್ದರು. ಬಡವರ ಪಾಲಿನ ಸೀಮೆಎಣ್ಣೆ ಕಾಳಸಂತೆಗೆ ಹೋಗುತ್ತಿತ್ತು. ಆ ಕಳ್ಳತನದಿಂದ ಹಸಿದವರೂ ಇಂಥ ಅಜ್ಜಿಯರೇ. ಕಳ್ಳನನ್ನು ಹಿಡಿಯುವುದು ಸರಕಾರದ ಕರ್ತವ್ಯ. ಆದರೆ ಕಳ್ಳನನ್ನು ಹಿಡಿಯಲು ಊರಿನವರೆಲ್ಲ ತಿಂಗಳು ತಿಂಗಳೂ ಬಂದು ತಾವು ಕಳ್ಳರಲ್ಲ ಎಂದು ತೋರಿಸಬೇಕೇ? ಬೇರೆಯವರ ಹೆಸರಿನಲ್ಲಿ ಅಕ್ಕಿ ಒಯ್ಯುವವನನ್ನು ಹೆಬ್ಬೆಟ್ಟು ತಡೆದೀತು. ಐದು ಕಿಲೋ ಬರೆದು ನಾಲ್ಕು ಕಿಲೋ ತೂಗುವವನನ್ನು ಅದು ತಡೆಯಲಾರದು.

ಹೆಬ್ಬೆಟ್ಟಿಗೂ ಅಪನಂಬಿಕೆಗೂ ಇರುವ ನಂಟು ಹೊಸದಲ್ಲ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ರಸ್ತೆಗೆ ಹಾಕುವ ಸಾಮಗ್ರಿಯ ಗುತ್ತಿಗೆ ಪತ್ರದ ಮೇಲೆ ರಾಜ್ಯಧರ್ ಕೊನಾಯ್ ಎಂಬ ಗುತ್ತಿಗೆದಾರನ ಇಡೀ ಅಂಗೈಯ ಅಚ್ಚು ಒತ್ತಿಸಿಕೊಂಡ. ಮುಂದೆ ಆತ ‘ಈ ಸಹಿ ನನ್ನದಲ್ಲ’ ಎನ್ನದಂತೆ ಹೆದರಿಸುವುದೇ ತನ್ನ ಉದ್ದೇಶವಾಗಿತ್ತೆಂದು ಹರ್ಷೆಲ್ ತಾನೇ ಆಮೇಲೆ ಬರೆದ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಆರಂಭವಾಯಿತು. ಲಕ್ಷಾಂತರ ಬೆರಳಚ್ಚುಗಳಲ್ಲಿ ಒಂದನ್ನು ಹುಡುಕುವ ವರ್ಗೀಕರಣವನ್ನು ರೂಪಿಸುವಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಪೊಲೀಸ್ ಅಧಿಕಾರಿಗಳು ದುಡಿದರು. ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು. ಹೀಗೆ ಜಗತ್ತಿಗೆ ಬೆರಳಚ್ಚಿನ ವಿದ್ಯೆ ಹೋದದ್ದು ನಮ್ಮ ನೆಲದಿಂದಲೇ, ಆಳುವವರು ಆಳಿಸಿಕೊಳ್ಳುವವರನ್ನು ನಂಬದಿದ್ದ ಕಾಲದಲ್ಲಿ.

ಅದೇ ಬೆರಳಚ್ಚು ಸಮುದ್ರದಾಚೆ ಇನ್ನೊಂದು ಕತೆಗೆ ಕಾರಣವಾಯಿತು. 1906ರಲ್ಲಿ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್ ಸರಕಾರ ಅಲ್ಲಿನ ಭಾರತೀಯರೆಲ್ಲರೂ ಹೆಸರು ನೋಂದಾಯಿಸಿ ಬೆರಳಚ್ಚು ಕೊಡಬೇಕೆಂಬ ಕಾನೂನಿನ ಕರಡು ತಂದಿತು. ಆ ವರ್ಷದ ಸೆಪ್ಟೆಂಬರ್ 11ರಂದು ಜೊಹಾನ್ಸ್‌ಬರ್ಗ್‌ನ ಎಂಪೈರ್ ನಾಟಕಶಾಲೆಯಲ್ಲಿ ಭಾರತೀಯರು ನೆರೆದರು. ಈ ಕಾನೂನಿಗೆ ತಲೆಬಾಗುವುದಿಲ್ಲವೆಂದು ದೇವರ ಸಾಕ್ಷಿಯಾಗಿ ಪ್ರಮಾಣ ಮಾಡೋಣ ಎಂದವರು ಸೇಠ್ ಹಾಜಿ ಹಬೀಬ್. ಗಾಂಧೀಜಿಯ ಸತ್ಯಾಗ್ರಹ ಹುಟ್ಟಿದ್ದು ಆ ಸಭೆಯಲ್ಲಿ.

ನಮಗೆ ಮುಖ್ಯವಾದದ್ದು ಅದರ ಮುಂದಿನ ಭಾಗ. 1908ರ ಜನವರಿಯಲ್ಲಿ ಜನರಲ್ ಸ್ಮಟ್ಸ್ ಜೊತೆ ಒಂದು ಒಪ್ಪಂದವಾಯಿತು. ಭಾರತೀಯರು ಸ್ವಇಚ್ಛೆಯಿಂದ ನೋಂದಾಯಿಸಿಕೊಂಡರೆ ಬಲವಂತದ ಕಾನೂನು ರದ್ದಾಗುತ್ತದೆ ಎಂಬುದು ಗಾಂಧೀಜಿಯ ತಿಳಿವಳಿಕೆಯಾಗಿತ್ತು. ಬಲವಂತಕ್ಕೆ ಬಗ್ಗಿ ಕೊಟ್ಟರೆ ಅವಮಾನ, ಇಷ್ಟಪಟ್ಟು ಕೊಟ್ಟರೆ ಸೌಜನ್ಯ ಎಂದು ಅವರು ಜನರಿಗೆ ತಿಳಿಹೇಳಿದರು. ಫೆಬ್ರವರಿ 10ರಂದು ತಾವೇ ಮೊದಲು ನೋಂದಾಯಿಸಿಕೊಳ್ಳಲು ಹೊರಟರು. ದಾರಿಯಲ್ಲಿ ಮೀರ್ ಆಲಂ ಎಂಬ ಪಠಾಣನೂ ಅವನ ಸಂಗಡಿಗರೂ ಅವರನ್ನು ಪ್ರಜ್ಞೆ ತಪ್ಪುವಂತೆ ಹೊಡೆದರು. ಗಾಂಧೀಜಿ ಹಾಸಿಗೆಯಲ್ಲಿ ಮಲಗಿಯೇ ಬೆರಳಚ್ಚು ಕೊಟ್ಟರು, ಹೊಡೆದವರ ಮೇಲೆ ಮೊಕದ್ದಮೆ ಬೇಡವೆಂದರು. ಆದರೆ ಕಾನೂನು ರದ್ದಾಗಲಿಲ್ಲ. ಆ ವರ್ಷದ ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಆವರಣದಲ್ಲಿ ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಪತ್ರಗಳು ಬೆಂಕಿಗೆ ಬಿದ್ದವು. ಮೀರ್ ಆಲಂ ಆ ಸಭೆಗೂ ಬಂದಿದ್ದ. ಹೊಡೆದದ್ದು ತಪ್ಪೆಂದು ಒಪ್ಪಿಕೊಂಡ, ಗಾಂಧೀಜಿ ಅವನ ಕೈ ಹಿಡಿದರು.

ಹೊಡೆದದ್ದು ಖಂಡಿತ ತಪ್ಪು. ಆದರೆ ಅವನ ಸಂಶಯ ತಪ್ಪಾಗಿತ್ತೇ? ಸ್ವಇಚ್ಛೆಯ ಹೆಸರಿನಲ್ಲಿ ಪಡೆದದ್ದು ಮುಂದೆ ಬಲವಂತವಾಗಿ ಉಳಿಯಬಹುದಿತ್ತು. ಹಾಗೆಯೇ ಆಯಿತು.

ನೂರು ವರ್ಷಗಳ ನಂತರ ಆಧಾರ್ ಬಂದಾಗಲೂ ಮೊದಲು ಕೇಳಿದ್ದು ‘ಸ್ವಇಚ್ಛೆ’ ಎಂಬ ಮಾತೇ. ಕಡ್ಡಾಯವಲ್ಲ, ಬೇಕಾದವರು ಮಾಡಿಸಿಕೊಳ್ಳಿ ಎಂದರು. ಬರಬರುತ್ತ ಗ್ಯಾಸಿಗೆ, ಬ್ಯಾಂಕಿಗೆ, ಸಿಮ್ಮಿಗೆ, ರೇಷನ್ನಿಗೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಅದನ್ನೇ ಕೇಳಲಾಯಿತು. ಯೋಜನೆಯ ಮೊದಲ ಅಧ್ಯಕ್ಷರು ಕರ್ನಾಟಕದವರೇ ಆದ ನಂದನ್ ನಿಲೇಕಣಿ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರೂ ಕರ್ನಾಟಕದವರೇ: ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕುವಾಗ ಅವರಿಗೆ 86 ವರ್ಷ. ನ್ಯಾಯಾಲಯದಲ್ಲಿ ಸರಕಾರದ ವಕೀಲರು ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ವಾದಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಾದವನ್ನು ಒಮ್ಮತದಿಂದ ತಳ್ಳಿತು. ದಕ್ಷಿಣ ಕನ್ನಡದವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಕೂಡ ಆ ಪೀಠದಲ್ಲಿದ್ದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಹೆಸರು ದೇಶದ ಪ್ರತಿಯೊಬ್ಬ ಪ್ರಜೆಯ ಹಕ್ಕಿಗೆ ಅಂಟಿಕೊಂಡು ಉಳಿದಿದೆ.

ಆದರೆ ಆಧಾರ್ ಕಾಯ್ದೆಯ ಮೇಲಿನ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 26ರಂದು. ಅಂದು ಐವರಲ್ಲಿ ನಾಲ್ವರು ಒಂದು ಕಡೆ ನಿಂತರು. ಬ್ಯಾಂಕ್ ಖಾತೆಗೂ ಸಿಮ್ಮಿಗೂ ಆಧಾರ್ ಕಡ್ಡಾಯವಾಗಿ ಜೋಡಿಸುವಂತಿಲ್ಲ ಎಂದರು. ಸರಕಾರದ ಸಬ್ಸಿಡಿ, ರೇಷನ್ನುಗಳಿಗೆ ಕೇಳಬಹುದು ಎಂದರು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಒಬ್ಬರೇ ಇಡೀ ಕಾಯ್ದೆ ಸಂವಿಧಾನಬಾಹಿರ ಎಂದು ಬರೆದರು. ಫಲವೇನಾಯಿತು? ಬ್ಯಾಂಕಿನಲ್ಲಿ ಹಣವಿದ್ದವನಿಗೆ ‘ಒಲ್ಲೆ’ ಎನ್ನುವ ಅವಕಾಶ ಕಾಗದದ ಮೇಲಾದರೂ ಉಳಿಯಿತು. ರೇಷನ್ ಸಾಲಿನಲ್ಲಿ ನಿಂತವಳಿಗೆ ಅದು ಉಳಿಯಲಿಲ್ಲ.

ಇಲ್ಲಿಯೇ ಒಪ್ಪಿಗೆಯೆಂದರೇನು ಎಂದು ನಾವು ಕೇಳಿಕೊಳ್ಳಬೇಕು. ನಮ್ಮ ತಿಳಿವಳಿಕೆಯಲ್ಲಿ ಒಪ್ಪಿಗೆಗೆ ಮೂರು ಗುಣಗಳಿರಬೇಕು. ಏನನ್ನು ಕೊಡುತ್ತಿದ್ದೇವೆಂದು ಕೊಡುವವರಿಗೆ ಗೊತ್ತಿರಬೇಕು. ಬೇಡ ಎಂದರೆ ಬದುಕಿಗೆ ಕುಂದು ಬರಬಾರದು. ಕೊಟ್ಟ ಮೇಲೆ ಹಿಂದಕ್ಕೆ ಪಡೆಯುವಂತಿರಬೇಕು. ಮದುವೆಗೆ ಹೆಣ್ಣಿನ ಒಪ್ಪಿಗೆ ಕೇಳುವಾಗ, ಹೊಲದ ಖರೀದಿ ಪತ್ರಕ್ಕೆ ಸಹಿ ಹಾಕಿಸುವಾಗ ಮೊದಲ ಎರಡನ್ನಾದರೂ ನಾವು ನೋಡುತ್ತೇವೆ. ಕತ್ತು ಹಿಡಿದು ಹಾಕಿಸಿದ ಸಹಿಯನ್ನು ಯಾವ ಪಂಚಾಯಿತಿಯೂ ಒಪ್ಪುವುದಿಲ್ಲ. ಅಕ್ಕಿಯ ಚೀಲವನ್ನು ಮುಂದಿಟ್ಟುಕೊಂಡು ಕೇಳುವಾಗ ಕತ್ತು ಹಿಡಿಯುವ ಅಗತ್ಯವೇ ಇರುವುದಿಲ್ಲ. ಆ ಕೆಲಸವನ್ನು ಹಸಿವು ಮಾಡುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಮುಕ್ತವಾಗಿರಬೇಕು, ಷರತ್ತಿಲ್ಲದಿರಬೇಕು, ಹಿಂಪಡೆಯುವಂತಿರಬೇಕು ಎನ್ನುತ್ತದೆ. ಮಾತು ಚೆನ್ನಾಗಿದೆ. ಆದರೆ ಅದೇ ಕಾಯ್ದೆ ಸಬ್ಸಿಡಿ, ಸವಲತ್ತುಗಳ ವಿಷಯದಲ್ಲಿ ಸರಕಾರಕ್ಕೆ ವಿನಾಯಿತಿ ಕೊಟ್ಟಿದೆ. ಹಿಂದೊಮ್ಮೆ ಬೇರೊಂದು ಸವಲತ್ತಿಗೆ ಒಪ್ಪಿದ್ದರೆ, ಇಲ್ಲವೇ ಮಾಹಿತಿ ಸರಕಾರದ ದಾಖಲೆಯಲ್ಲಿ ಈಗಾಗಲೇ ಇದ್ದರೆ, ಮತ್ತೆ ಕೇಳಬೇಕಾಗಿಲ್ಲ. ಅಂದರೆ ಒಪ್ಪಿಗೆಯ ಈ ಕಾವಲು ಬಡವರಿಗೆ ಅತಿ ಹೆಚ್ಚು ಬೇಕಾದ ಕಡೆಯಲ್ಲೇ ಸಡಿಲವಾಗಿದೆ. 2025ರ ನವೆಂಬರಿನಲ್ಲಿ ನಿಯಮಗಳು ಹೊರಬಿದ್ದಾಗ ಪ್ರಜೆಯನ್ನು ಕಾಯುವ ಮುಖ್ಯ ಭಾಗಗಳಿಗೆ ಹದಿನೆಂಟು ತಿಂಗಳ ಗಡುವು ಸಿಕ್ಕಿತು. ಮಾಹಿತಿ ಹಕ್ಕು ಕಾಯ್ದೆಯಲ್ಲಿ ‘ವೈಯಕ್ತಿಕ ಮಾಹಿತಿ’ ಎಂಬ ಕಾರಣಕ್ಕೆ ಉತ್ತರ ನಿರಾಕರಿಸುವುದನ್ನು ಸುಲಭಗೊಳಿಸಿದ ತಿದ್ದುಪಡಿ ಮಾತ್ರ ಕೂಡಲೇ ಜಾರಿಗೆ ಬಂತು. ಪ್ರಜೆ ಗಾಜಿನ ಮನೆಯಲ್ಲಿರಬೇಕು, ಕಚೇರಿಯ ಗೋಡೆ ಇನ್ನಷ್ಟು ದಪ್ಪವಾಗಬೇಕು ಎಂಬಂತಾಗಿದೆ.

“ನಾವೇನು ಕಳ್ಳತನ ಮಾಡಿದ್ದೇವೆಯೇ? ಮುಚ್ಚಿಡುವುದು ಏನಿದೆ?” ಎಂದು ಕೇಳುವವರು ನಮ್ಮಲ್ಲಿ ಬಹಳ. ಕಳ್ಳತನ ಮಾಡದವರೂ ರಾತ್ರಿ ಬಾಗಿಲು ಹಾಕಿಕೊಳ್ಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ನೆರೆಯವರು ಕೂಡ ಹೊಸ್ತಿಲ ಹೊರಗೆ ನಿಂತು ಕೂಗಿ, ಒಳಗಿಂದ “ಬರ್ರಿ” ಎಂದ ಮೇಲೆಯೇ ಕಾಲಿಡುತ್ತಾರೆ. ಮನೆಯೊಳಗೆ ಕಳ್ಳಮಾಲು ಇದೆಯೆಂದಲ್ಲ, ಮನೆ ಮನೆಯವರದು ಎಂದು.

ಈ ಮಾತು ಸರಕಾರಕ್ಕಷ್ಟೇ ಅಲ್ಲ, ನಮಗೂ ಸಲ್ಲುತ್ತದೆ. ಬಾಡಿಗೆಗೆ ಬಂದವರಿಂದ ನಾವು ಆಧಾರ್ ಪ್ರತಿ ಇಸಿದುಕೊಳ್ಳುತ್ತೇವೆ, ಅದನ್ನು ಎಲ್ಲಿಟ್ಟೆವೆಂದು ಮರುದಿನವೇ ಮರೆಯುತ್ತೇವೆ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಇಡೀ ಮನೆಯವರ ಕಾರ್ಡುಗಳನ್ನು ಬಿಟ್ಟು ಬರುತ್ತೇವೆ. ಶಾಲೆ, ಸಂಘ, ಜಮಾಅತ್ತುಗಳ ಅರ್ಜಿಗಳಲ್ಲಿ ಬೇಕಿರಲಿ ಬೇಡವಿರಲಿ ಆಧಾರ್ ಸಂಖ್ಯೆಗೆ ಒಂದು ಕಲಂ ಹಾಕುತ್ತೇವೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಶುರುವಾದಾಗ ಕಂಡಕ್ಟರ್ ಹೆಂಗಸರ ಕಾರ್ಡು ನೋಡಿ ಟಿಕೆಟ್ ಹರಿದುಕೊಡುತ್ತಿದ್ದ, ಅಷ್ಟೇ. ನೋಡಿ ಹಿಂದಿರುಗಿಸುವುದಕ್ಕೂ ನೋಡಿ ಬರೆದಿಟ್ಟುಕೊಳ್ಳುವುದಕ್ಕೂ ಅಂತರವಿದೆ. ಮೊದಲನೆಯದರಲ್ಲಿ ಕೆಲಸ ನಡೆಯುವಾಗ ಎರಡನೆಯದನ್ನು ಕೇಳುವುದೇ ಅತಿಕ್ರಮಣ.

ಇರುವ ಕಾನೂನಿನಲ್ಲಿಯೂ ಹಿಡಿದು ನಿಲ್ಲಲು ಒಂದಷ್ಟು ಜಾಗವಿದೆ. ಸರಕಾರಿ ಸೇವೆಗಳಲ್ಲಿ ಶೇ. 88ರಷ್ಟು ದೃಢೀಕರಣ ಯಶಸ್ವಿಯಾಗುತ್ತದೆ ಎಂದು ಆಧಾರ್ ಪ್ರಾಧಿಕಾರವೇ 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತ್ತು. ಹಾಗಾದರೆ ನೂರಕ್ಕೆ ಹನ್ನೆರಡು ಸಲ ಆಗುತ್ತಿರಲಿಲ್ಲ ಎಂದಾಯಿತು. ಬೆರಳು ಹೊಂದದ ಕಾರಣಕ್ಕೆ ಯಾರಿಗೂ ಸವಲತ್ತು ತಪ್ಪಬಾರದೆಂದು ಆ ತೀರ್ಪೇ ಹೇಳಿದೆ. ಆಧಾರ್ ಇಲ್ಲವೆಂದು ರೇಷನ್ ನಿರಾಕರಿಸಬಾರದೆಂದು ಕೇಂದ್ರ ಸರಕಾರ 2017ರ ಅಕ್ಟೋಬರಿನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಬೆರಳು ಬಾರದಿದ್ದರೆ ಬೇರೆ ಗುರುತು ನೋಡಿ, ವಹಿಯಲ್ಲಿ ಬರೆದು ಅಕ್ಕಿ ಕೊಡಬೇಕು. ಇದನ್ನು ಸಾಲಿನಲ್ಲಿರುವ ಅಜ್ಜಿ ಕೇಳಲಾರರು. ಅವರ ಹಿಂದೆ ನಿಂತಿರುವ ಓದು ಬಲ್ಲವರು ಕೇಳಬೇಕು. ಊರಿನ ಯುವಕರು, ಗ್ರಾಮ ಪಂಚಾಯಿತಿ ಸದಸ್ಯರು, ಮಸೀದಿ-ಮಠ-ಸಂಘಗಳವರು ತಿಂಗಳಲ್ಲಿ ಒಂದು ದಿನ ಆ ಅಂಗಡಿಯ ಮುಂದೆ ನಿಂತರೆ ಎಷ್ಟೋ ಚೀಲಗಳು ಖಾಲಿ ಮರಳುವುದು ತಪ್ಪೀತು.

ಅಂದು ಅಜ್ಜಿಗೆ ಅಕ್ಕಿ ಸಿಕ್ಕಿತು. ಅವರ ಆಧಾರಿಗೆ ಜೋಡಿಸಿದ ಫೋನು ಹೈದರಾಬಾದಿನಲ್ಲಿ ಕೂಲಿಗೆ ಹೋದ ಮಗನ ಬಳಿ ಇತ್ತು. ಅಂಗಡಿಯವನು ತನ್ನ ಫೋನಿನಿಂದ ಕರೆ ಮಾಡಿದ. ಮಗ ಬಂದ ಓಟಿಪಿಯ ಅಂಕಿಗಳನ್ನು ಅಲ್ಲಿಂದ ಓದಿ ಹೇಳಿದ. ಆಗ ಯಂತ್ರ ಅಜ್ಜಿಯನ್ನು ನಂಬಿತು. ಯಾರಿಗೂ ಓಟಿಪಿ ಹೇಳಬೇಡಿ ಎಂದು ಬ್ಯಾಂಕುಗಳು ದಿನಕ್ಕೆ ಹತ್ತು ಸಲ ಎಚ್ಚರಿಸುವ ಈ ಕಾಲದಲ್ಲಿ, ಹೊಟ್ಟೆಗಾಗಿ ಆ ಮಗ ಅದನ್ನು ಹೇಳಲೇಬೇಕಾಯಿತು. ಇಷ್ಟಕ್ಕೂ ಕೊನೆಗೆ ಕೆಲಸಕ್ಕೆ ಬಂದದ್ದು ಬೆರಳಲ್ಲ, ‘ಇವಳು ನನ್ನ ತಾಯಿ’ ಎಂಬಂತೆ ದೂರದ ಊರಿನಿಂದ ಒಬ್ಬ ಮನುಷ್ಯ ಕೊಟ್ಟ ಸಾಕ್ಷಿ. ಹಾಗಿದ್ದರೆ ಎದುರಿಗೇ ನಿಂತಿದ್ದ ಅಂಗಡಿಯವನ ಸಾಕ್ಷಿ, ಸಾಲಿನಲ್ಲಿದ್ದ ಇಡೀ ಊರಿನ ಸಾಕ್ಷಿ ಏಕೆ ಸಾಲದಾಯಿತು?

ಅಜ್ಜಿ ಚೀಲ ಹೊತ್ತು ಹೊರಟಾಗ ನಾವು ಕೇಳಿದೆವು: “ಆಯಿ, ಬೆರಳು ಕೊಡಲಿಕ್ಕಿ ನಿಮಗ ಮನಸ್ಸದೇನು?” ಅವರು ನಮ್ಮ ಮುಖ ನೋಡಿದರು. “ಅಕ್ಕಿ ಬೇಕಲ್ಲ ಯಪ್ಪಾ” ಎಂದರು.

ಇದನ್ನು ಒಪ್ಪಿಗೆಯೆಂದು ಬರೆದುಕೊಳ್ಳಲು ನಮ್ಮಿಂದಾಗದು.