ಸಹಜ–ವಿಕೃತ ವಿವೇಚನೆ

ಲೋಕವ್ಯವಹಾರದಲ್ಲಿ ಕೆಲವು ಮಾತುಗಳು ವರ್ಣನೆಯ ವೇಷದಲ್ಲಿ ಬಂದು ತೀರ್ಪಿನ ಕೆಲಸವನ್ನು ಮಾಡುತ್ತವೆ. ‘ವಿಕೃತ’ ಎಂಬುದು ಅಂಥ ಮಾತುಗಳಲ್ಲೊಂದು. ಒಬ್ಬನ ಊಟದ ರುಚಿ ವಿಚಿತ್ರವಾದರೆ ಜನರು ನಕ್ಕು ಸುಮ್ಮನಾಗುತ್ತಾರೆ. ಉಡುಪು ವಿಚಿತ್ರವಾದರೆ ನಾಲ್ಕು ದಿನ ಆಡಿಕೊಂಡು ಮರೆಯುತ್ತಾರೆ. ಕಾಮದ ವಿಷಯದಲ್ಲಿ ಮಾತ್ರ ಹಾಗಲ್ಲ. ಅಲ್ಲಿ ಅಭಿರುಚಿಯ ಭೇದವು ಒಡನೆಯೇ ಸ್ವಭಾವದ ದೋಷವೆಂದೂ ರೋಗವೆಂದೂ ಕೆಲವೊಮ್ಮೆ ಅಪರಾಧವೆಂದೂ ಎಣಿಸಲ್ಪಡುತ್ತದೆ. ಹಾಗೆ ಎಣಿಸುವವರ ಕೈಯಲ್ಲಿರುವ ಅಳತೆಗೋಲು ಯಾವುದು, ಅದು ನೆಟ್ಟಗಿದೆಯೆ ಎಂಬುದು ವಿಚಾರಾರ್ಹವಾದ ಸಂಗತಿ. ವಿಷಯವು ಸಂಕೋಚವನ್ನುಂಟುಮಾಡತಕ್ಕದ್ದೆಂಬುದು ದಿಟ. ಆದರೆ ಸಂಕೋಚದ ಮರೆಯಲ್ಲಿ ನಡೆದುಹೋದ ಅನ್ಯಾಯಗಳೂ ಅಲ್ಪವಲ್ಲ.

ಮೊದಲನೆಯ ಅಳತೆಗೋಲು ಪ್ರಕೃತಿ. ಕಾಮವು ಸಂತಾನಕ್ಕಾಗಿ ಇರುವುದು. ಸಂತಾನಕ್ಕೆ ಒಯ್ಯದ ಚೇಷ್ಟೆಗಳೆಲ್ಲ ವಿಕಾರಗಳು ಎಂಬುದು ಈ ಪಕ್ಷದ ವಾದ. ಮಾನಸಿಕ ವೈದ್ಯನಾದ ಕ್ರಾಫ್ಟ್-ಎಬಿಂಗ್ ಎಂಬಾತನು 1886ರಲ್ಲಿ ‘ಸೈಕೋಪಾಥಿಯಾ ಸೆಕ್ಷುಆಲಿಸ್’ ಎಂಬ ಗ್ರಂಥವನ್ನು ಪ್ರಕಟಿಸಿ, ಈ ಸೂತ್ರವನ್ನೇ ಹಿಡಿದು ಅನೇಕ ಪ್ರವೃತ್ತಿಗಳಿಗೆ ರೋಗಗಳ ಪಟ್ಟಿಯಲ್ಲಿ ಸ್ಥಾನ ಕೊಟ್ಟನು. ಸಾಮಾನ್ಯ ಓದುಗರ ಕೈಗೆ ಸಿಕ್ಕೀತೆಂಬ ಭಯದಿಂದ ಕೆಲವು ಭಾಗಗಳನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದನು. ಅದಕ್ಕೂ ಮುಂಚೆ, 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು ‘ಪ್ರಕೃತಿಯ ಕ್ರಮಕ್ಕೆ ವಿರುದ್ಧ’ವಾದ ಸಂಭೋಗಕ್ಕೆ ಆಜೀವ ಶಿಕ್ಷೆಯವರೆಗೆ ವಿಧಿಸಲು ಅವಕಾಶವಿತ್ತಿದ್ದಿತು. ಆದರೆ ಈ ಗೋಲನ್ನು ಪ್ರಾಮಾಣಿಕವಾಗಿ ಹಿಡಿದು ಅಳೆದರೆ ಮಕ್ಕಳಿಲ್ಲದ ದಂಪತಿಗಳ ಪ್ರೇಮವೂ, ವಯಸ್ಸು ಮೀರಿದವರ ಅನುರಾಗವೂ, ಕೊನೆಗೆ ಒಂದು ಚುಂಬನವೂ ವಿಕೃತವೆನಿಸಬೇಕಾಗುತ್ತದೆ. ಇಷ್ಟಕ್ಕೂ, ಸಂನ್ಯಾಸಿಯು ತೊರೆಯುವುದು ಆ ಪ್ರಕೃತಿಯನ್ನೇ ಅಲ್ಲವೆ? ಅವನನ್ನು ವಿಕೃತನೆಂದು ಯಾರೂ ಕರೆಯರು; ಪಾದಪೂಜೆ ಮಾಡುತ್ತಾರೆ. ಆದುದರಿಂದ ಪ್ರಕೃತಿಯ ಹೆಸರು ಹೇಳುವವರು ನಿಜವಾಗಿ ಅಳೆಯುತ್ತಿರುವುದು ಬೇರೆ ಯಾವುದನ್ನೋ ಇರಬೇಕು.

ಆ ಬೇರೆಯದು ಬಹುಮಟ್ಟಿಗೆ ರೂಢಿ. ಹತ್ತು ಮಂದಿ ಮಾಡುವುದು ಸಹಜ, ಒಬ್ಬನು ಮಾಡುವುದು ವಿಕೃತ ಎಂಬ ಈ ಎರಡನೆಯ ಗೋಲು ಊರಿಂದೂರಿಗೆ ಉದ್ದವನ್ನು ಬದಲಿಸುತ್ತದೆ. ‘ಕಾಮಸೂತ್ರ’ವನ್ನು ರಚಿಸಿದ ವಾತ್ಸ್ಯಾಯನನು ದೇಶದೇಶಗಳ ಅಭಿರುಚಿಯನ್ನು ಹೇಳುತ್ತ, ಮಧ್ಯದೇಶದ ಸ್ತ್ರೀಯರು ಶುಚಿಯಾದ ನಡೆಯವರಾಗಿ ಚುಂಬನವನ್ನೂ ಒಲ್ಲರೆಂದು ತಿಳಿಸುತ್ತಾನೆ. ಒಂದು ನಾಡಿನ ಸಹಜವು ಮತ್ತೊಂದರ ಅಸಹ್ಯ. ಅದೂ ಅಲ್ಲದೆ, ಜನರು ಬಚ್ಚಿಡುವ ವಿಷಯದಲ್ಲಿ ಹೆಚ್ಚು ಮಂದಿ ಏನು ಮಾಡುತ್ತಾರೆಂಬುದು ಯಾರಿಗೆ ಗೊತ್ತು? ಅಮೆರಿಕದ ಪ್ರಾಣಿಶಾಸ್ತ್ರಜ್ಞ ಆಲ್‌ಫ್ರೆಡ್ ಕಿನ್ಸೆ ಸಾವಿರಾರು ಜನರನ್ನು ವಿಚಾರಿಸಿ 1948ರಲ್ಲಿಯೂ 1953ರಲ್ಲಿಯೂ ಪ್ರಕಟಿಸಿದ ವರದಿಗಳು, ಅಪರೂಪದ ದೋಷಗಳೆಂದು ಎಣಿಸಿದ್ದ ಹಲವು ನಡತೆಗಳು ಮನೆಮನೆಯವೆಂದು ತೋರಿಸಿ ಆ ದೇಶವನ್ನು ಬೆಚ್ಚಿಬೀಳಿಸಿದವು. ಅವನು ಜನರನ್ನು ಆರಿಸಿದ ಕ್ರಮಕ್ಕೆ ಆಕ್ಷೇಪಣೆಗಳು ಬಂದುದುಂಟು. ಆದರೂ ಬಾಯಿಯ ಮಾತಿಗೂ ಬಾಳಿನ ನಡೆಗೂ ಇರುವ ದೂರವು ಬಯಲಾಯಿತು.

ಮೂರನೆಯದು ಹೇಸಿಕೆ. ಕಂಡವರಿಗೆ, ಕೇಳಿದವರಿಗೆ ಮೈ ಜುಮ್ಮೆನ್ನುವುದೇ ಸಾಕ್ಷ್ಯವೆಂಬ ವಾದವಿದು. ಹೇಸಿಕೆಯು ಸುಳ್ಳು ಭಾವವಲ್ಲ. ಆದರೆ ಅದು ಕಾರ್ಯವನ್ನು ನೋಡುವುದಕ್ಕಿಂತ ಮಾಡಿದವರ ಮುಖವನ್ನು ಹೆಚ್ಚಾಗಿ ನೋಡುತ್ತದೆ. ಇಂಗ್ಲೆಂಡಿನ ಎರಡು ಮೊಕದ್ದಮೆಗಳನ್ನು ಜೊತೆಗಿಟ್ಟು ನೋಡಬಹುದು. ಖಾಸಗಿಯಾಗಿ, ಒಪ್ಪಿಗೆಯಿಂದ, ಸುಖಕ್ಕಾಗಿ ಪರಸ್ಪರ ನೋವು ಮಾಡಿಕೊಂಡ ಕೆಲವು ಪುರುಷರನ್ನು 1993ರಲ್ಲಿ ಅಲ್ಲಿಯ ಪ್ರಭುಸಭೆಯು, ಐವರು ನ್ಯಾಯಾಧೀಶರಲ್ಲಿ ಮೂವರ ಮತದಿಂದ, ಅಪರಾಧಿಗಳೆಂದು ನಿರ್ಣಯಿಸಿತು, ಒಪ್ಪಿಗೆಯು ಸಮಾಧಾನವಾಗದೆಂದಿತು. ಮೂರು ವರ್ಷಗಳ ಬಳಿಕ, ಹೆಂಡತಿಯ ಕೋರಿಕೆಯಂತೆ ಅವಳ ಮೈಮೇಲೆ ಕಾದ ಚೂರಿಯಿಂದ ತನ್ನ ಹೆಸರಿನ ಅಕ್ಷರಗಳನ್ನು ಬರೆದ ಗಂಡನನ್ನು ಮೇಲ್ಮನವಿಯ ನ್ಯಾಯಾಲಯವು ಬಿಡುಗಡೆ ಮಾಡಿತು. ದಾಂಪತ್ಯದ ಏಕಾಂತವು ದಂಡನೆಯ ವಿಷಯವಲ್ಲವೆಂದಿತು. ಗಾಯ ಎರಡೆಡೆಯಲ್ಲಿಯೂ ಗಾಯವೇ. ಒಂದೆಡೆ ಮದುವೆಯಿತ್ತು, ಮತ್ತೊಂದೆಡೆ ಇರಲಿಲ್ಲ.

ಮದುವೆಯ ಈ ಹೊದಿಕೆಯು ಏನೇನನ್ನು ಮುಚ್ಚಬಲ್ಲದೆಂಬುದಕ್ಕೆ ಸ್ವದೇಶದಲ್ಲಿಯೇ ಹೆಚ್ಚು ಕರಾಳವಾದ ನಿದರ್ಶನವುಂಟು. ಸುಮಾರು ಹನ್ನೊಂದು ವರ್ಷದ ಫೂಲ್ಮಣಿ ದಾಸಿ ಎಂಬ ಬಂಗಾಳದ ಬಾಲೆಯು, ಮೂವತ್ತು ದಾಟಿದ ಗಂಡನ ಬಲವಂತದ ಸಂಗದಿಂದ ಗಾಯಗೊಂಡು ರಕ್ತಸ್ರಾವದಿಂದ ಸತ್ತಳು. 1890ರಲ್ಲಿ ಕಲಕತ್ತೆಯ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಹೆಂಡತಿಗೆ ಹತ್ತು ವರ್ಷ ದಾಟಿದ್ದರಿಂದ ಅದು ಅತ್ಯಾಚಾರವೆನಿಸಲಿಲ್ಲ. ದುಡುಕಿನ ಕೃತ್ಯವೆಂದು ಅವನಿಗೆ ಒಂದು ವರ್ಷದ ಸಜೆಯಾಯಿತು. ಮರುವರ್ಷ ಸರ್ಕಾರವು ಹತ್ತರ ಮಿತಿಯನ್ನು ಹನ್ನೆರಡಕ್ಕೆ ಏರಿಸುವ ಕಾಯಿದೆಯನ್ನು ತಂದಾಗ ದೇಶದಲ್ಲಿ ದೊಡ್ಡ ಕೋಲಾಹಲವೆದ್ದಿತು. ಬಾಲಗಂಗಾಧರ ತಿಲಕರಂಥ ಹಿರಿಯರೂ ಅದನ್ನು ಧರ್ಮದಲ್ಲಿ ಪರಕೀಯರ ಕೈವಾಡವೆಂದು ವಿರೋಧಿಸಿದರು. ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಅಂಥ ನಿಷೇಧವು ಬೇಕಾಯಿತೆಂಬುದೇ ಆ ಕಾಲದ ರೂಢಿಗೆ ಸಾಕ್ಷಿ. ವಿವಾಹಿತ ಬಾಲೆಯ ವಿಷಯದಲ್ಲಿ ಈ ಮಿತಿಯು ಹದಿನೆಂಟಕ್ಕೆ ಏರಿದುದು 2017ರಲ್ಲಿ, ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ.

ಇಲ್ಲಿ ಮೂರು ಅಳತೆಗೋಲುಗಳೂ ಒಟ್ಟಿಗೆ ಮುರಿದುಬಿದ್ದುದನ್ನು ವಾಚಕರು ಗಮನಿಸಬೇಕು. ಆ ಗಂಡನ ನಡೆ ಆ ಗೋಲುಗಳ ಪ್ರಕಾರ ಪ್ರಕೃತಿವಿರುದ್ಧವಲ್ಲ, ರೂಢಿಗೆ ಹೊರತಲ್ಲ, ನೆರೆಹೊರೆಯವರಿಗೆ ಹೇಸಿಕೆ ತರುವಂಥದೂ ಆಗಿರಲಿಲ್ಲ. ಅದು ‘ಸಹಜ’ವಾಗಿತ್ತು. ಅದೇ ದಂಡಸಂಹಿತೆಯು, ಯಾರಿಗೂ ನೋವು ಮಾಡದೆ ಒಪ್ಪಿ ಕೂಡಿದ ಇಬ್ಬರು ಪ್ರೌಢರಿಗೆ ಆಜೀವ ಶಿಕ್ಷೆಯನ್ನು ಕಾದಿರಿಸಿದ್ದಿತು.

ಹಾಗಾದರೆ ನೆಟ್ಟಗಿರುವ ಗೋಲು ಯಾವುದು? ಅದರ ಸುಳಿವು ವಾತ್ಸ್ಯಾಯನನಲ್ಲಿಯೇ ದೊರೆಯುತ್ತದೆ. ದಾಕ್ಷಿಣಾತ್ಯರಲ್ಲಿ ರೂಢಿಯಲ್ಲಿದ್ದ ಕೆಲವು ಬಿರುಸಾದ ಹೊಡೆತಗಳನ್ನು ಅವನು ಎತ್ತಿಹೇಳಿ, ಅವು ಕಷ್ಟಕರವೂ ಅನಾರ್ಯವೂ ಆದುವೆಂದು ನಿರಾಕರಿಸುತ್ತಾನೆ. ಕನ್ನಡನಾಡಿನ ಬಹುಭಾಗವನ್ನೊಳಗೊಂಡಿದ್ದ ಕುಂತಲದ ಶಾತಕರ್ಣಿಯು ಇಂಥ ಹೊಡೆತದಿಂದಲೇ ಮಹಾದೇವಿ ಮಲಯವತಿಯನ್ನು ಕೊಂದನೆಂದು ನಿದರ್ಶನವನ್ನು ಕೊಡುತ್ತಾನೆ. ಒಂದು ದೇಶದ ರೂಢಿಯನ್ನು ಮತ್ತೊಂದು ದೇಶದಲ್ಲಿ ಪ್ರಯೋಗಿಸಬಾರದು. ಅಪಾಯಕರವಾದುದನ್ನಂತೂ ಅದು ರೂಢಿಯಾಗಿರುವ ದೇಶದಲ್ಲಿಯೂ ಬಿಡಬೇಕು ಎಂಬುದು ಅವನ ನಿರ್ಣಯದ ತಾತ್ಪರ್ಯ. ವಿಚಿತ್ರವೆಂದು ಅವನು ಬೇಡವೆನ್ನಲಿಲ್ಲ, ಕೇಡೆಂದು ಬೇಡವೆಂದನು.

ಈ ಗೋಲಿಗೆ ಒಪ್ಪಿಗೆಯೆಂಬ ಮತ್ತೊಂದು ಗುರುತನ್ನು ಸೇರಿಸಿದರೆ ವಿವೇಚನೆಯು ಪೂರ್ಣವಾಗುತ್ತದೆ. ವೈದ್ಯಶಾಸ್ತ್ರವು ಈ ದಾರಿಗೆ ತಡವಾಗಿ ಬಂದಿತು. ಅಮೆರಿಕದ ಮನೋವೈದ್ಯರ ಸಂಘವು 1973ರಲ್ಲಿ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. 2013ರ ಕೈಪಿಡಿಯಲ್ಲಿ, ಕಾಮದ ಅಸಾಮಾನ್ಯತೆ ತಾನಾಗಿಯೇ ರೋಗವಲ್ಲ, ಅದು ತನಗೆ ಸಂಕಟವನ್ನು ಅಥವಾ ಪರರಿಗೆ ಕೇಡನ್ನು ತಂದಾಗ ಮಾತ್ರ ರೋಗವೆಂದು ವಿಂಗಡಿಸಿತು. ಭಾರತದ ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು, ಒಪ್ಪಿದ ಪ್ರೌಢರ ಮಟ್ಟಿಗೆ 377ನೆಯ ಕಲಮನ್ನು ರದ್ದುಗೊಳಿಸಿತು.

ಇದಕ್ಕೆ ಒಂದು ಆಕ್ಷೇಪಣೆ ಉಂಟು. ಒಪ್ಪಿಗೆಯೊಂದೇ ಸಾಕಾದರೆ ಮರ್ಯಾದೆಯ ಗತಿಯೇನು ಎಂದು ಕೇಳುವವರಿದ್ದಾರೆ. ಮರ್ಯಾದೆಯು ಬಹಿರಂಗದ ಧರ್ಮ. ಊಟದ ಮನೆಯಲ್ಲಿ ಆಡುವ ಮಾತಿಗೂ ಬೀದಿಯ ನಡೆಗೂ ಅದು ಸಲ್ಲುತ್ತದೆ. ಮುಚ್ಚಿದ ಬಾಗಿಲಿನ ಹಿಂದಿರುವವರನ್ನು ರೋಗಿಗಳೆಂದಾಗಲಿ ಪಾಪಿಗಳೆಂದಾಗಲಿ ಕರೆಯುವ ಅಧಿಕಾರ ಅದಕ್ಕಿಲ್ಲ. ಆದರೆ ಒಪ್ಪಿಗೆಯೆಂಬುದೂ ಸುಲಭವಾದ ಮಾತಲ್ಲವೆಂಬುದನ್ನು ಒಪ್ಪಲೇಬೇಕು. ಭಯದಿಂದ, ಅನ್ನದ ಹಂಗಿನಿಂದ, ಎಳೆತನದಿಂದ, ಹಿರಿಯರ ದಾಕ್ಷಿಣ್ಯದಿಂದ ಬಂದ ‘ಹೂಂ’ ಒಪ್ಪಿಗೆಯಲ್ಲ. ಬೇಡವೆನ್ನುವ ಶಕ್ತಿಯಿರುವವರ ಹೂಂಕಾರಕ್ಕೆ ಮಾತ್ರ ಬೆಲೆ. ಈ ಪರೀಕ್ಷೆಯನ್ನು ವಿಚಿತ್ರವೆನಿಸಿದವರಿಗೆ ಮಾತ್ರ ಒಡ್ಡಿ, ಅಗ್ನಿಸಾಕ್ಷಿಯಾಗಿ ಕೈಹಿಡಿದವರಿಗೆ ವಿನಾಯಿತಿ ಕೊಡುವುದು ನ್ಯಾಯವಲ್ಲ.

ಸಭ್ಯ ಕುಟುಂಬಗಳಲ್ಲಿ ‘ವಿಕೃತ’ವೆಂಬ ಮಾತು ಹೊರಗಿನವರ ಮೇಲೆ ಬೀಳುವುದೇ ಹೆಚ್ಚು, ಮನೆಯೊಳಗಿನ ಬಲಾತ್ಕಾರಕ್ಕೆ ‘ಸಂಸಾರದ ಗುಟ್ಟು’ ಎಂಬ ಮೃದುವಾದ ಹೆಸರುಂಟು. ತಮ್ಮ ಬಯಕೆ ಬೇರೆಯವರಂತಿಲ್ಲವೆಂದು ಒಳಗೊಳಗೆ ಕೊರಗುವ ನಿರಪರಾಧಿಗಳು ಎಷ್ಟೋ ಮಂದಿ. ತಮ್ಮ ನಡೆ ಎಲ್ಲರಂತೆಯೇ ಇದೆಯೆಂದು ನೆಮ್ಮದಿಯಿಂದ ನಿದ್ರಿಸುವ ಅಪರಾಧಿಗಳೂ ಅಷ್ಟೇ ಮಂದಿ ಇರಬಹುದು. ಇದು ಎಲ್ಲರೂ ಮಾಡುವುದೆ ಎಂದು ಕೇಳುವ ಬದಲು, ಇದರಿಂದ ಯಾರಿಗೆ ನೋವಾಯಿತು, ಅವರು ಬೇಡವೆನ್ನಬಹುದಾಗಿತ್ತೆ ಎಂದು ಕೇಳಿದರೆ, ಮೊದಲಿನವರ ಕೊರಗು ಕಳೆದೀತು. ಎರಡನೆಯವರ ನಿದ್ರೆ ಕೆಟ್ಟೀತು. ಎರಡೂ ಲೋಕಕ್ಕೆ ಹಿತವೇ.